ಮೇಸ್ತ್ರಿ ‘ಬಂದೆ’ ಅನ್ನುವ ಮೊದಲು

ಚಂದ್ರಕಲಾ, ಅವತ್ತು ನಿನ್ನ ಅಪ್ಪ ಹಲಗೆಯ ತುದಿಗೆ ಹೋಗಲಿಲ್ಲ. ಹಲಗೆಯ ಮೇಲೆ ಎಗರಲೂ ಇಲ್ಲ, ಕುಣಿಯಲೂ ಇಲ್ಲ. ನಾನು ಎದ್ದೆ — ಅದಕ್ಕೇ ಅವರು ಬಿದ್ದರು. ಹದಿನಾಲ್ಕು ವರ್ಷದಿಂದ ನಾನು ಹೇಳಿಕೊಂಡು ಬಂದದ್ದು ಸುಳ್ಳು. ಆಮೇಲೆ ಕ್ಲಾಸಿನಲ್ಲಿ, ಕೈಯಲ್ಲಿ ನಿನ್ನದೇ ಪೆನ್ನು ಹಿಡಿದುಕೊಂಡು ನಿನಗೆ ಹೇಳಿದೆನಲ್ಲ, ಅದು ಇನ್ನೂ ದೊಡ್ಡ ಸುಳ್ಳು.

ಇಷ್ಟನ್ನು ಮೊದಲು ಬರೆದುಬಿಡಬೇಕು ಅಂದುಕೊಂಡಿದ್ದೆ, ಬರೆದೆ. ಇಷ್ಟಕ್ಕೇ ಎರಡು ಸಲ ಕುರ್ಚಿ ಬಿಟ್ಟು ಎದ್ದು ಓಡಾಡಿದ್ದೇನೆ. ಶನಿವಾರ ಮಧ್ಯಾಹ್ನ, ಕಾಲೇಜು ಬಿಟ್ಟಾಗಿದೆ, ಸ್ಟಾಫ್ ರೂಮಿನಲ್ಲಿ ನಾನೊಬ್ಬನೇ. ಅಟೆಂಡರ್ ಬೀಗ ಹಿಡಿದುಕೊಂಡು ಬಂದು ಇಣುಕಿ ಹೋದ. ಮನೆಯಲ್ಲಿ ಕೂತು ಬರೆಯುವುದಕ್ಕೆ ಆಗಲಿಲ್ಲ — ಆ ಮನೆಯಲ್ಲಿ ಕೂತು ಇದನ್ನು ಬರೆಯುವುದು ಹೇಗೆ ಹೇಳು?

ನೀನು ಈಗ ಎಚ್.ಡಿ. ಕೋಟೆಯಿಂದಾಚೆ, ಬೇಗೂರಿನ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೀಯ. ನಾನು ನಿನ್ನ ಫಿಸಿಕ್ಸ್ ಸಾರ್ ಅನ್ನುವುದು ಈಚಿನ ಮಾತು. ಅದಕ್ಕೂ ಐದು ವರ್ಷ ಮೊದಲೇ ನಾನು ನಿನ್ನ ಅಪ್ಪನ ಕೈಯಲ್ಲಿ ಕೆ.ಆರ್. ನಗರದಲ್ಲಿ ಮನೆ ಕಟ್ಟಿಸಿದ ಮೇಷ್ಟ್ರು. ಪುಟ್ಟಸ್ವಾಮಿ ಮೇಸ್ತ್ರಿ ಅಂದರೆ ಸಾಲಿಗ್ರಾಮದಿಂದ ಇಲ್ಲಿಯವರೆಗೆ ಗಾರೆ ಕೆಲಸಕ್ಕೆ ಹೆಸರು. ಅವರು ಎಳೆದ ಗೋಡೆಯ ಮೂಲೆಗೆ ತೂಕದ ಗುಂಡು ಬಿಟ್ಟು ನೋಡುವ ಅಗತ್ಯವೇ ಇಲ್ಲ ಅಂತ ಜನ ಹೇಳುತ್ತಿದ್ದರು. ನಾನು ಮಾತ್ರ ಬಿಟ್ಟು ನೋಡುತ್ತಿದ್ದೆ. ಓದಿದವನಲ್ಲವೇ, ಅನುಮಾನ ಜಾಸ್ತಿ. ಅವರು ನಗುತ್ತಿದ್ದರು. ‘ನೋಡ್ಕಳಿ ಮೇಷ್ಟ್ರೇ, ಸಂದಾಗಿ ನೋಡ್ಕಳಿ’ ಅನ್ನುತ್ತಿದ್ದರು.

ಮನೆ ಹೆಚ್ಚುಕಡಿಮೆ ಮುಗಿದಿತ್ತು. ಚಾವಣಿಯ ಮೇಲೆ ಮೆಟ್ಟಿಲು ಬಂದು ಸೇರುವ ಸಣ್ಣ ಕೋಣೆ ಇದೆಯಲ್ಲ, ಅದರ ಹೊರಗೋಡೆಯ ಒಂದು ಮೂಲೆಗೆ ಮಾತ್ರ ಗಾರೆ ಬಾಕಿ. ಕೆಳಗಿನಿಂದ ಕಟ್ಟಿದ್ದ ಸಾರ್ವೆಯನ್ನು ಹಿಂದಿನ ದಿನವೇ ಬಿಚ್ಚಿ, ಹಗ್ಗ ಗಳ ಎಲ್ಲಾ ಇನ್ನೊಂದು ಕಡೆಗೆ ಸಾಗಿಸಿಬಿಟ್ಟಿದ್ದರು. ಭಾನುವಾರ, ಕೈಯಾಳುಗಳು ಯಾರೂ ಬಂದಿರಲಿಲ್ಲ. ಅಷ್ಟು ಬಾಕಿ ಇಟ್ಟು ಮಲಗಿದರೆ ನಿದ್ದೆ ಬರುವುದಿಲ್ಲ ಅಂತ ನಿನ್ನ ಅಪ್ಪ ಒಬ್ಬರೇ ಬೆಳಿಗ್ಗೆ ಬಂದರು. ಹತ್ತಡಿ ಹಲಗೆ ಒಂದನ್ನು ಚಾವಣಿಯ ಮೇಲೆ ಇಟ್ಟು, ನಾಲ್ಕಡಿಯನ್ನು ಅಂಚಿನಿಂದ ಆಚೆಗೆ ದಬ್ಬಿದರು. ಒಳಗೆ ಆರಡಿ ಉಳಿಯಿತು. ಒಳಗಿನ ಕೊನೆಗೆ ಅವರು ಬಾಲ ಅನ್ನುತ್ತಾರೆ. ಬಾಲವನ್ನು ಯಾವತ್ತೂ ಹಗ್ಗದಲ್ಲಿ ಕಂಬದ ಕಂಬಿಗೆ ಬಿಗಿಯುತ್ತಿದ್ದರು, ಅವತ್ತು ಹಗ್ಗ ಇರಲಿಲ್ಲ. ಅರ್ಧ ಖಾಲಿಯಾದ ಸಿಮೆಂಟ್ ಚೀಲ ಒಂದನ್ನು ಅದರ ಮೇಲೆ ಎಳೆದು ಇಟ್ಟರು. ಸಾಲದು ಅನ್ನಿಸಿತು, ನನ್ನ ಕಡೆ ತಿರುಗಿದರು.

‘ಮೇಷ್ಟ್ರೇ, ಒಂದೈದು ನಿಮ್ಸ ಬಾಲದ ಮ್ಯಾಲೆ ಕೂತ್ಕಳಿ. ನಾನು ಒಳೀಕೆ ಕಾಲಿಟ್ಟು “ಬಂದೆ” ಅಂತೀನಿ. ಅಲ್ಲೀಗಂಟ ಏಳ್ಬ್ಯಾಡಿ.’

ಅದು ಅವರ ಕೆಲಸದ ರೂಢಿ. ಬಾಲದ ಮೇಲೆ ಕೂತವನು, ಹೊರಗಿದ್ದವನು ಒಳಗೆ ಕಾಲಿಟ್ಟು ಬಾಯಿಬಿಟ್ಟು ‘ಬಂದೆ’ ಅನ್ನುವ ತನಕ ಕದಲುವ ಹಾಗಿಲ್ಲ. ಹೆಂಡತಿ ಕರೆಯಲಿ, ಮಳೆ ಬರಲಿ, ಚೇಳೇ ಹತ್ತಲಿ. ಎಂಥ ಜಗಳಗಂಟ ಕೈಯಾಳೂ ಈ ಒಂದು ಮಾತು ಮೀರುವುದಿಲ್ಲ ಅಂತ ನಿನ್ನ ಅಪ್ಪನೇ ನನಗೆ ಹಿಂದೆ ಹೇಳಿದ್ದರು. ನಾನು ತಲೆಯಾಡಿಸಿ ಕೂತೆ. ಅವರು ಹೊರಗೆ ಹೋದರು. ಹಲಗೆ ಅಲುಗಲಿಲ್ಲ. ನಾನು ಇದ್ದೇನೆ ಅನ್ನುವ ಧೈರ್ಯದಲ್ಲಿ ಅವರು ಕೆಳಗೆ ನೋಡದೆ ಕರಣೆ ಆಡಿಸತೊಡಗಿದರು.

ಈಗ ಹೇಳಬೇಕಾದ್ದು — ಇಲ್ಲೇ ಪ್ರತಿ ಸಲ ನನ್ನ ಮನಸ್ಸು ಅಡ್ಡದಾರಿ ಹಿಡಿಯುತ್ತದೆ. ಫೋನು ಬಂತು ಅಂತ ಬರೆಯೋಣ ಅನ್ನಿಸುತ್ತದೆ, ತಲೆ ಸುತ್ತಿತು ಅಂತ ಬರೆಯೋಣ ಅನ್ನಿಸುತ್ತದೆ. ಯಾವ ಫೋನೂ ಬರಲಿಲ್ಲ. ಕೂತಲ್ಲೇ ಬೇಜಾರಾಯಿತು, ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆ ವಾರವಷ್ಟೇ ಕ್ಲಾಸಿನಲ್ಲಿ ಟಾರ್ಕ್ ಪಾಠ ನಡೆದಿತ್ತು. ಒಂದು ಅಂಚಿನ ಮೇಲೆ ನಿಂತ ಹಲಗೆಯನ್ನು ತಿರುಗಿಸುವುದು ಬರೀ ತೂಕವಲ್ಲ, ತೂಕವನ್ನು ಅಂಚಿನಿಂದ ಅದು ಇರುವ ದೂರಕ್ಕೆ ಗುಣಿಸಬೇಕು. ಎರಡು ಕಡೆಯ ಗುಣಲಬ್ಧ ಸಮವಾದರೆ ಹಲಗೆ ನಿಲ್ಲುತ್ತದೆ, ಹೊರಗಿನದು ಹೆಚ್ಚಾದರೆ ಮಗುಚುತ್ತದೆ. ಮೇಸ್ತ್ರಿ ಅರವತ್ತು ಕೆಜಿ, ಅಂಚಿನಿಂದ ಎರಡಡಿ ಆಚೆ ನಿಂತಿದ್ದಾರೆ, ನೂರಿಪ್ಪತ್ತು. ಈ ಕಡೆ ಅರ್ಧ ಚೀಲ ಸಿಮೆಂಟು, ಇಪ್ಪತ್ತೈದು ಕೆಜಿ, ಐದಡಿ ದೂರದಲ್ಲಿ, ನೂರಿಪ್ಪತ್ತೈದು. ಹಲಗೆಯದೇ ತೂಕದ್ದು ಇನ್ನೊಂದಿಪ್ಪತ್ತು ಈ ಕಡೆಗೇ ಸೇರುತ್ತದೆ. ಅಂದಮೇಲೆ ನಾನು ಇಲ್ಲಿ ಕೂತಿರುವುದು ದಂಡ. ನಾನಿಲ್ಲದಿದ್ದರೂ ಹಲಗೆ ನಿಲ್ಲಬೇಕು.

ನಿಲ್ಲುತ್ತದಾ ನೋಡೋಣ ಅಂತ ಎದ್ದೆ.

ಅಷ್ಟೇ ಕಲಾ. ಇದಕ್ಕಿಂತ ದೊಡ್ಡ ಕಾರಣ ಇಲ್ಲ. ನಾಳೆ ಕ್ಲಾಸಿನಲ್ಲಿ ಹೇಳುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಸಿಕ್ಕಿತು ಅನ್ನುವ ಖುಷಿಗೆ ಎದ್ದೆ. ಮೆಲ್ಲಗೆ, ಮೊದಲು ಅರ್ಧ ತೂಕ ತೆಗೆದು, ಆಮೇಲೆ ಪೂರ್ತಿ. ಹಲಗೆ ಕದಲಲಿಲ್ಲ. ನನ್ನ ಲೆಕ್ಕ ಸರಿಯಾಗಿತ್ತು. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತೆ — ನಗುತ್ತಿದ್ದೆ ಅಂತ ಕಾಣುತ್ತದೆ. ಅವರಿಗೆ ಒಂದು ಮಾತು ಹೇಳಬೇಕು ಅನ್ನುವುದೇ ಹೊಳೆಯಲಿಲ್ಲ. ಪುಸ್ತಕದ ಚಿತ್ರದಲ್ಲಿ ತೂಕ ಇಟ್ಟ ಜಾಗದಲ್ಲೇ ಇರುತ್ತದೆ ನೋಡು. ಗಾರೆ ಕೆಲಸದವನು ಇರುವುದಿಲ್ಲ. ಮೂಲೆಯ ಆಚೆಯ ಒಂದು ಅಂಗೈಯಗಲ ಜಾಗ ಕೈಗೆ ನಿಲುಕದೆ, ಅವರು ಬಲಗಾಲನ್ನು ಮುಂದಕ್ಕೆ ಜರುಗಿಸಿ ಅದರ ಮೇಲೆ ಭಾರ ಬಿಟ್ಟರು. ಒಂದೇ ಒಂದು ಅಡಿ. ತೂಕ ಅಷ್ಟೇ ಇತ್ತು, ದೂರ ಎರಡಿದ್ದದ್ದು ಮೂರಾಯಿತು. ಬಾಲ ನನ್ನ ಕಣ್ಣೆದುರೇ ಮೇಲೆದ್ದಿತು. ಚೀಲ ಜಾರಿ ನನ್ನ ಕಾಲಿಗೆ ಬಂತು. ಹಿಡಿಯುವುದಕ್ಕೆ ಬಗ್ಗಿದೆನೋ ಇಲ್ಲವೋ ನೆನಪಿಲ್ಲ — ಬಗ್ಗಿದೆ ಅಂತ ಹೇಳುವ ಹಕ್ಕು ನನಗಿಲ್ಲ.

ಕೆಳಗೆ ಇಟ್ಟಿಗೆ ಚೂರಿನ ರಾಶಿ ಇತ್ತು. ಅದರ ಮೇಲೆ ಬಿದ್ದರು.

ಮುಂದಿನದನ್ನು ಯಾರಿಗೂ ಹೇಳಿಲ್ಲ, ನನ್ನ ಹೆಂಡತಿಗೂ ಹೇಳಿಲ್ಲ. ನಾನು ಮೆಟ್ಟಿಲಿಳಿದು ಓಡುತ್ತಾ ಓಡುತ್ತಾ, ಇನ್ನೂ ನುಣುಪು ಮಾಡದ ಗೋಡೆಗೆ ನನ್ನ ಮೊಣಕೈಯನ್ನು ಉಜ್ಜಿಕೊಂಡೆ. ಬೇಕಂತಲೇ. ಬಾಲದ ಮೇಲೆ ಕೂತಿದ್ದವನನ್ನು ಹಲಗೆ ಎತ್ತಿ ಒಗೆದಿದ್ದರೆ ಎಲ್ಲಾದರೂ ಗಾಯ ಆಗಿರಬೇಕಲ್ಲ. ಒಬ್ಬ ಮನುಷ್ಯ ಕೆಳಗೆ ನರಳುತ್ತಾ ಬಿದ್ದಿದ್ದಾನೆ, ಹದಿನೈದು ಮೆಟ್ಟಿಲು ಇಳಿಯುವುದರೊಳಗೆ ನನ್ನ ತಲೆ ಇಷ್ಟು ಚುರುಕಾಗಿ ಓಡಿತು. ಥೂ ನನ್ನ ಬಾಳಿಗೆ.

ಅಕ್ಕಪಕ್ಕದವರು ಸೇರಿದ್ದರು. ನಿನ್ನ ಅಪ್ಪನಿಗೆ ಎಚ್ಚರವಿತ್ತು. ಬಲಗೈ ಮಣಿಕಟ್ಟು ತಿರುಚಿಕೊಂಡು ಮೈಯಡಿ ಸಿಕ್ಕಿತ್ತು. ನನ್ನ ಮುಖ ಕಂಡ ತಕ್ಷಣ ಕೇಳಿದ್ದು ಒಂದೇ ಮಾತು.

‘ಮೇಷ್ಟ್ರೇ, ನೀವು ಕೂತಿದ್ರಾ?’

‘ಕೂತೇ ಇದ್ದೆ ಮೇಸ್ತ್ರಿ. ನೀವೇ ತುದಿಗೆ ಹೋದ್ರಿ.’

ಅವರು ನನ್ನ ಮೊಣಕೈ ನೋಡಿದರು. ರಕ್ತ ಬರುತ್ತಿತ್ತು. ‘ಅಯ್ಯೋ, ನಿಮ್ಗೂ ಪೆಟ್ಟಾಗೋಯ್ತಲ್ಲ’ ಅಂದರು.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಎರಡು ತಿಂಗಳು ಓಡಾಡಿದೆ, ಮೈಸೂರಿಗೂ ಹೋದೆವು. ಮುರಿದಿದ್ದ ಸೊಂಟ ಕೂಡಿತು, ಮಣಿಕಟ್ಟು ಸೊಟ್ಟಗೇ ಉಳಿಯಿತು. ಕರಣೆ ಹಿಡಿದು ತೋಳು ಚಾಚುವುದಕ್ಕೆ ಆಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಹಲಗೆಯ ಅಳತೆ ತಿಳಿಯದ ಮೇಸ್ತ್ರಿ ಅನ್ನುವ ಮಾತು ಹಬ್ಬಿತು. ಬೇರೆ ಮೇಸ್ತ್ರಿಗಳು ಕೆಲಸದ ಉಸ್ತುವಾರಿಗೂ ಅವರನ್ನು ಕರೆಯಲಿಲ್ಲ. ಅವರೋ, ಪ್ರತಿ ವರ್ಷ ಪುಷ್ಯದಲ್ಲಿ ಹೊಲದ ಮೊದಲ ಅವರೆಕಾಯಿಯನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ನನ್ನ ಮನೆಗೆ ಬರುತ್ತಿದ್ದರು. ‘ಮೇಷ್ಟ್ರು ಇಲ್ದೆ ವೋಗಿದ್ರೆ ಅವತ್ತು ನಾನು ವೋಗೇಬುಡ್ತಿದ್ದೆ’ ಅಂತ ನನ್ನ ಹೆಂಡತಿಯ ಮುಂದೆ ಹೇಳುತ್ತಿದ್ದರು. ನಾನು ಆ ಅವರೆಕಾಯಿ ಸಾರು ತಿಂದಿದ್ದೇನೆ. ರುಚಿಯಾಗಿದೆ ಅಂತಲೂ ಹೇಳಿದ್ದೇನೆ.

ಆಮೇಲೆ ನೀನು ಬಂದೆ. ಫಸ್ಟ್ ಪಿಯು ವಿಜ್ಞಾನ, ಮೂರನೇ ಬೆಂಚು, ಕಿಟಕಿ ಪಕ್ಕ. ‘ನನ್ ಮಗಳ ಕೈಗೆ ಪುಸ್ತಕ ಕೊಟ್ಟಿವ್ನಿ ಮೇಷ್ಟ್ರೇ, ನೀವೇ ನೋಡ್ಕಬೇಕು’ ಅಂತ ನಿನ್ನ ಅಪ್ಪ ಬಂದು ಬಿಟ್ಟು ಹೋದರು. ಟಾರ್ಕ್ ಪಾಠ ಬಂತು. ಎರಡು ಗಂಟೆಯ ಪಾಠವನ್ನು ನಲವತ್ತು ನಿಮಿಷದಲ್ಲಿ ಓಡಿಸಿದೆ. ಬಾಗಿಲು, ಸ್ಪ್ಯಾನರ್ ಎಲ್ಲಾ ಹೇಳಿದೆ, ಹಲಗೆಯ ಉದಾಹರಣೆ ಬಿಟ್ಟೆ. ಬೆಲ್ ಆದ ಮೇಲೆ ನೀನು ನೋಟ್ ಬುಕ್ ಹಿಡಿದುಕೊಂಡು ಬಂದೆ. ಹಲಗೆ, ಅಂಚು, ಎರಡು ಬಾಣದ ಗುರುತು — ನೀಟಾಗಿ ಸ್ಕೇಲಿನಲ್ಲಿ ಎಳೆದಿದ್ದೆ.

‘ಸಾರ್, ಲೆಕ್ಕ ಕೂಡ್ತಿಲ್ಲ. ನಮ್ಮಪ್ಪ ಅರವತ್ತು ಕೆಜಿ, ತುದೀಲೇ ನಿಂತ್ರೂ ನಾಲ್ಕಡಿ, ಇನ್ನೂರ ನಲವತ್ತು. ನೀವು ಎಪ್ಪತ್ತೆರಡು ಅಂತ ಇಟ್ಕೊಂಡ್ರೆ ಐದಡಿಗೆ ಮುನ್ನೂರ ಅರವತ್ತು. ಚೀಲ ಬೇರೆ. ಹಲಗೆ ಹೆಂಗೆ ಎದ್ದಿತು ಸಾರ್?’

ನಿನ್ನ ಕಣ್ಣಲ್ಲಿ ಅನುಮಾನ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಸಾರ್ ಹೇಳಿಬಿಡುತ್ತಾರೆ, ತಾನೇ ಎಲ್ಲೋ ತಪ್ಪು ಮಾಡಿದ್ದೇನೆ ಅನ್ನುವ ನಂಬಿಕೆ ಇತ್ತು. ಆಗ ಹೇಳಬಹುದಿತ್ತು. ಹತ್ತಿರದಲ್ಲಿ ಯಾರೂ ಇರಲಿಲ್ಲ. ನಾನು ನಿನ್ನ ಪೆನ್ನು ತೆಗೆದುಕೊಂಡೆ, ನಿನ್ನ ಚಿತ್ರದ ಮೇಲೇ ಒಂದು ದೊಡ್ಡ ಬಾಣ ಎಳೆದೆ. ‘ನೀನು ಸುಮ್ಮನೆ ನಿಂತವನ ತೂಕ ಲೆಕ್ಕ ಹಾಕಿದ್ದೀಯ ಅಷ್ಟೇ. ಮನುಷ್ಯ ಹಲಗೆಯ ಮೇಲೆ ಎಗರಿದರೆ ಬೀಳುವ ಬಲ ತೂಕದ ಮೂರು ನಾಲ್ಕು ಪಟ್ಟಾಗುತ್ತೆ. ನಿಮ್ಮಪ್ಪ ತುದಿಯಲ್ಲಿ ಎಗರಿರಬೇಕು’ ಅಂದೆ. ಎಗರಿದರೆ ಬಲ ಹೆಚ್ಚಾಗುತ್ತದೆ ಅನ್ನುವುದು ಸುಳ್ಳಲ್ಲ. ಹಾಗಾಗಿಯೇ ಆ ಸುಳ್ಳು ಅಷ್ಟು ಚೆನ್ನಾಗಿ ನಿಂತಿತು. ನೀನು ಸ್ವಲ್ಪ ಯೋಚಿಸಿ, ‘ಹೌದಲ್ಲ ಸಾರ್’ ಅಂತ ಖುಷಿಯಿಂದ ಹೋದೆ. ಲೆಕ್ಕ ಕೂಡಿತ್ತು ನಿನಗೆ.

ಮನೆಗೆ ಹೋಗಿ ನೀನು ಅದನ್ನು ಅಪ್ಪನಿಗೆ ಹೇಳಿದೆ. ಅವರು ‘ಇಲ್ಲ ಕಣವ್ವ, ಕಾಲು ಜರುಗಿಸ್ದೆ ಅಷ್ಟೆಯ’ ಅಂದಿದ್ದರಂತೆ. ಲೆಕ್ಕ ಸುಳ್ಳು ಹೇಳಲ್ಲ ಅಪ್ಪ ಅಂತ ನೀನು ನೋಟ್ ಬುಕ್ ತೋರಿಸಿದೆಯಂತೆ. ಇದೆಲ್ಲ ನನಗೆ ಈಚೆಗೆ ಗೊತ್ತಾದದ್ದು. ನನಗೆ ಆಗ ಗೊತ್ತಾದದ್ದು ಇಷ್ಟು: ಆ ವರ್ಷದಿಂದ ನಿನ್ನ ಅಪ್ಪನೇ ಕಂಡಕಂಡವರ ಮುಂದೆ, ‘ನಾನೇ ಹಲಗೆ ಮ್ಯಾಲೆ ಕುಣಿದ್ನಂತೆ ಕಣ್ಲಾ, ಮೇಷ್ಟ್ರು ಲೆಕ್ಕ ಮಾಡಿ ಕಂಡ್ಹಿಡ್ದವ್ರೆ’ ಅಂತ ಹೇಳಿಕೊಂಡು ತಿರುಗಿದರು. ಊರು ಸುಮ್ಮನಿರುತ್ತದೆಯೇ? ಕುಣಿಯೋ ಮೇಸ್ತ್ರಿ ಅಂತ ಹೆಸರಿಟ್ಟಿತು. ತನ್ನ ಕಾಲು ಏನು ಮಾಡಿತು ಅನ್ನುವುದು ಅವರ ಕಾಲಿಗೆ ಗೊತ್ತಿತ್ತು. ಆದರೂ ಅವರು ಕಾಲನ್ನು ಬಿಟ್ಟು ನನ್ನ ಲೆಕ್ಕವನ್ನು ನಂಬಿದರು.

ಹೋದ ತಿಂಗಳು ನಮ್ಮ ಕಾಲೇಜಿಗೆ ಹೊಸ ಕೊಠಡಿ ಏಳುವಾಗ ನಿನ್ನ ಅಪ್ಪ ಅಲ್ಲಿ ಸಿಮೆಂಟು ಕಬ್ಬಿಣ ಕಾಯುವುದಕ್ಕೆ ಬಂದಿದ್ದರು. ಒಂದು ದಿನ ಮೇಲಿನಿಂದ ಒಬ್ಬ ಹುಡುಗ ಮೇಸ್ತ್ರಿ ಕೂಗಿದ, ‘ಕುಣಿಯೋ ಮೇಸ್ತ್ರಿ, ವಸಿ ಬಂದು ಬಾಲದ ಮ್ಯಾಲೆ ಕೂತ್ಕಳಿ. ಕುಣೀಬ್ಯಾಡಿ ಮತ್ತೆ.’ ಎಲ್ಲರೂ ನಕ್ಕರು. ನಿನ್ನ ಅಪ್ಪನೂ ನಕ್ಕರು. ಮೆಟ್ಟಿಲು ಹತ್ತಿ ಹೋಗಿ ಕೂತರು. ನಾನು ಕಾರಿಡಾರಿನಲ್ಲಿ ನಿಂತು ನೋಡುತ್ತಿದ್ದೆ. ಹತ್ತೂವರೆಗೆ ಟೀ ಬಂತು, ಎಲ್ಲರೂ ಕೆಲಸ ಬಿಟ್ಟು ಲೋಟ ಹಿಡಿದರು. ಹೊರಗಿದ್ದ ಹುಡುಗ ಒಳಗೆ ಹಾರಿ ಬಂದವನೇ ಏನೂ ಹೇಳದೆ ಟೀಗೆ ಓಡಿದ. ನಿನ್ನ ಅಪ್ಪ ಮಾತ್ರ ಕೂತೇ ಇದ್ದರು. ಸೊಟ್ಟ ಕೈಯಿಂದ ಹಲಗೆಯ ಅಂಚು ಹಿಡಿದುಕೊಂಡಿದ್ದರು. ನಾನೂ ಮೇಲೆ ಹತ್ತಿ ಹೋಗಿ, ‘ಹೊರಗೆ ಯಾರೂ ಇಲ್ಲ, ಏಳಿ ಮೇಸ್ತ್ರಿ’ ಅಂದೆ. ‘ಬಂದೆ ಅನ್ನಲಿಲ್ವಲ್ಲ ಮೇಷ್ಟ್ರೇ ಅವ್ನು’ ಅಂದರು. ಅವರು ನನಗೆ ಚುಚ್ಚಲಿಲ್ಲ ಕಲಾ. ಅದೇ ನನ್ನನ್ನು ಕೆಡವಿದ್ದು. ಅಂದಿನಿಂದ ಕ್ಲಾಸಿನಲ್ಲಿ ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿ ಏನು ಮಗುಚಿತೋ ಅಂತ ಹಿಂದೆ ತಿರುಗಿ ನೋಡುತ್ತೇನೆ.

ಮೊನ್ನೆ ಗುರುವಾರ ಕಾಲೇಜಿಗೆ ರಜೆ ಹಾಕಿ ನಿಮ್ಮ ಊರಿಗೆ ಹೋದೆ. ನಿನ್ನ ಅಪ್ಪ ಜಗುಲಿಯಲ್ಲಿ ಕೂತು ಹುರುಳಿ ಕೇರುತ್ತಿದ್ದರು. ನಾನು ನಿಂತುಕೊಂಡೇ ಎಲ್ಲಾ ಹೇಳಿದೆ — ಎದ್ದದ್ದು, ಮೊಣಕೈ ಉಜ್ಜಿಕೊಂಡದ್ದು, ನಿನ್ನ ನೋಟ್ ಬುಕ್ಕಿನ ಬಾಣ. ಅವರು ಮೊರವನ್ನು ಕೆಳಗಿಟ್ಟರು. ಬಾಗಿಲ ಒಳಗೆ ನಿಂತಿದ್ದ ನಿನ್ನ ಅಮ್ಮನೇ ಮೊದಲು ಹೊರಗೆ ಬಂದರು.

‘ಈಗ್ಯಾಕ್ ಬಂದ್ರಿ? ಇನ್ನೊಂದೀಟು ದಿನ ಬುಟ್ಟು ಬಂದಿದ್ರೆ ಆಗ್ತಿತ್ತಲ್ಲ. ಅವರೆಕಾಯಿ ಬ್ಯಾರೆ ವೊತ್ಕಂಡು ಬಂದು ಕೊಡ್ತಿದ್ರು ನಿಮ್ಗೆ. ಈ ಕೈಲಿ.’

ನಿನ್ನ ಅಪ್ಪ, ‘ಸುಮ್ಕಿರು ನೀನು’ ಅಂದರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು.

‘ಅಂಗಾದ್ರೆ ನಾನು ಕುಣೀನಿಲ್ಲ?’

‘ಇಲ್ಲ.’

‘ಕಾಲು ಜರುಗಿಸ್ದೆ ಅಷ್ಟೆಯ?’

‘ಅಷ್ಟೇ ಮೇಸ್ತ್ರಿ. ಒಂದಡಿ.’

‘ನಾನು ಅಂಗೇ ಯೋಳ್ದೆ ಮಗೀಗೆ’ ಅಂದರು. ಮೊರದ ಹುರುಳಿಯನ್ನು ಕೈಯಿಂದ ಹರಡುತ್ತಾ, ‘ನೀವು ನಂಗೇನೂ ಯೋಳ್ಬ್ಯಾಡಿ ಮೇಷ್ಟ್ರೇ. ಕೈ ವೋಯ್ತು, ವೋಯ್ತು. ಅವ್ಳಿಗ್ ಯೋಳಿ. ಅವ್ಳು ನಿಮ್ ಲೆಕ್ಕ ನಂಬುದ್ಲು, ನನ್ ಮಾತ ನಂಬ್ನಿಲ್ಲ. ಅವತ್ತಿಂದ ನಾನು ಏನೇಳುದ್ರೂ ಒಂದ್ಸಲ ನನ್ ಮೊಕ ನೋಡಿ ಆಮ್ಯಾಕೆ ನಂಬ್ತಾಳೆ’ ಅಂದರು. ಕ್ಷಮಿಸಿದೆ ಅನ್ನಲಿಲ್ಲ. ನಾನು ಕೇಳಲೂ ಇಲ್ಲ. ಮೊರ ಎತ್ತಿಕೊಂಡು ಒಳಗೆ ಹೋದರು. ನಾನು ಬಸ್ ನಿಲ್ದಾಣಕ್ಕೆ ನಡೆದೆ.

ಅದಕ್ಕೇ ಈ ಕಾಗದ. ನಿನ್ನ ಲೆಕ್ಕ ಸರಿಯಾಗಿಯೇ ಇತ್ತು ಚಂದ್ರಕಲಾ. ಹದಿನಾರು ವರ್ಷದ ಹುಡುಗಿ ಸರಿಯಾದ ಪ್ರಶ್ನೆಯನ್ನು ಸರಿಯಾದವನ ಮುಂದೆಯೇ ಇಟ್ಟಿದ್ದಳು. ಆ ಚಿತ್ರದಿಂದ ನನ್ನ ಎಪ್ಪತ್ತೆರಡು ಕೆಜಿಯನ್ನು ತೆಗೆದುಹಾಕು, ಎಲ್ಲಾ ಕೂಡುತ್ತದೆ. ಎರಡಡಿಯಲ್ಲಿ ಹಲಗೆ ನಿಲ್ಲುತ್ತದೆ, ಮೂರರಲ್ಲಿ ಮಗುಚುತ್ತದೆ. ನಡುವೆ ಯಾರೂ ಕುಣಿಯಬೇಕಾಗಿಲ್ಲ.

ಸೋಮವಾರ ಬೆಳಿಗ್ಗೆ ಇಲ್ಲಿ ಗಾರೆ ಕೆಲಸದವರೆಲ್ಲ ಕೂಲಿಗೆ ಕಾದು ನಿಲ್ಲುವ ಸರ್ಕಲ್ಲಿಗೆ ಹೋಗುತ್ತೇನೆ. ಪುಟ್ಟಸ್ವಾಮಿ ಮೇಸ್ತ್ರಿಯ ಹಲಗೆಯ ಬಾಲದಿಂದ ಎದ್ದವನು ನಾನು ಅಂತ ಅವರ ಮುಂದೆ ಹೇಳುತ್ತೇನೆ. ಅವರು ಏನನ್ನುತ್ತಾರೋ ಅನ್ನಲಿ. ನನಗೊಂದು ಹೆಸರಿಡಲಿ, ಇಡುತ್ತಾರೆ.

ನೀನು ನನಗೆ ಉತ್ತರ ಬರೆಯಬೇಡ, ಬಯ್ಯಬೇಕು ಅನ್ನಿಸಿದರೆ ಆಮೇಲೆ ಬಯ್ಯುವೆಯಂತೆ. ಮೊದಲು ಅಪ್ಪನಿಗೆ ಫೋನ್ ಮಾಡು. ಅವರು ತಾವಾಗಿ ಏನೂ ಕೇಳುವುದಿಲ್ಲ, ಊಟ ಆಯ್ತಾ ಮಗ ಅಂತ ಕೇಳಿ ಇಟ್ಟುಬಿಡುತ್ತಾರೆ, ಇಡುವುದಕ್ಕೆ ಬಿಡಬೇಡ. ನಾನು ಹೇಳಿದೆ, ಅವರು ಕೇಳಿಸಿಕೊಂಡರು ಅಷ್ಟೇ. ಅವರು ಒಂಬತ್ತು ವರ್ಷದಿಂದ ಕಾದಿರುವುದು ನಿನ್ನ ಬಾಯಿಂದ ಕೇಳುವುದಕ್ಕೆ — ಅಪ್ಪ, ನೀನು ಹೇಳಿದ್ದೇ ನಿಜ ಅಂತ.